ಮಳೆನೀರು ಒಳಚರಂಡಿಗೆ ಸೇರುವುದನ್ನು ಮೊದಲು ತಡೆಯಿರಿ

ಮಾನ್ಯ ಸಂಪಾದಕರೆ,

ಶಿವಮೊಗ್ಗದಲ್ಲಿ ಮಳೆ ಹಿಡಿದೊಡನೆ ತಗ್ಗಿನ ಬಡಾವಣೆಗಳ ಒಳಚರಂಡಿ (ಯುಜಿಡಿ) ಚೇಂಬರ್‌ಗಳು ಉಕ್ಕಿ, ಶೌಚದ ನೀರು ರಸ್ತೆಗೂ ಅಲ್ಲಿಂದ ರಾಜಕಾಲುವೆಗೂ ಹರಿದು ತುಂಗೆಯನ್ನು ಸೇರುತ್ತದೆ. ಕೊಳಚೆ ಶುದ್ಧೀಕರಣ ಘಟಕ ಸಾಲದು, ಇನ್ನೊಂದು ಬೇಕು ಎಂಬ ಮಾತು ಆಗ ಕೇಳಿಬರುತ್ತದೆ. ಘಟಕ ಬೇಕಾಗಬಹುದು, ಆದರೆ ಅದಕ್ಕಿಂತ ಮೊದಲು ನಮ್ಮ ಮನೆಗಳ ತಾರಸಿ ಪೈಪು ಎಲ್ಲಿ ಹೋಗಿ ಸೇರಿದೆ ಎಂಬುದನ್ನು ನೋಡಬೇಕಾಗಿದೆ.

ಎಷ್ಟೋ ಮನೆಗಳಲ್ಲಿ ತಾರಸಿಯಿಂದ ಇಳಿದ ಪಿವಿಸಿ ಪೈಪನ್ನು ಚೇಂಬರ್‌ನ ಅಂಚು ಒಡೆದು ಒಳಗೆ ತೂರಿಸಿ, ಸುತ್ತ ಸಿಮೆಂಟ್ ಮೆತ್ತಲಾಗಿರುತ್ತದೆ. ಹಿತ್ತಲ ನೀರಿಗೂ ಅದೇ ದಾರಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟರೆ ಅದರಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಮರಳುತ್ತದೆ ಎಂಬುದು ಒಳಚರಂಡಿ ಯೋಜನೆಗಳ ಲೆಕ್ಕ. ಅಂದರೆ ಐದು ಜನರ ಮನೆಯಿಂದ ದಿನವಿಡೀ ಹೊರಬರುವುದು 540 ಲೀಟರ್. ಅದೇ ಮನೆಯ ನೂರು ಚದರ ಮೀಟರ್ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರಾಗುತ್ತದೆ. ಆಷಾಢದಲ್ಲಿ ಹತ್ತು ಮಿಲಿಮೀಟರನ್ನು ಮಲೆನಾಡಿನವರು ಮಳೆಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆಬಳಕೆಯ ನೀರಿಗೆಂದು ಹಾಕಿದ ಪೈಪು ಇದನ್ನು ತಾಳುವುದಾದರೂ ಹೇಗೆ?

ಹಾನಿ ರಸ್ತೆಗಷ್ಟೇ ನಿಲ್ಲುವುದಿಲ್ಲ. ಘಟಕದಲ್ಲಿ ಕೊಳಚೆಯನ್ನು ತಿಂದು ಕರಗಿಸುವುದು ಗಾಳಿಯೂಡಿ ಬೆಳೆಸಿದ ಸೂಕ್ಷ್ಮಜೀವಿಗಳು. ತೆಳ್ಳಗಾದ ನೀರು ಒಮ್ಮೆಲೆ ನುಗ್ಗಿದಾಗ ಅವು ಟ್ಯಾಂಕಿನಿಂದ ಕೊಚ್ಚಿಹೋಗುತ್ತವೆ. ಮತ್ತೆ ಬೆಳೆದು ಹದಕ್ಕೆ ಬರಲು ದಿನಗಳೇ ಬೇಕು, ಅಷ್ಟರಲ್ಲಿ ಇನ್ನೊಂದು ಮಳೆ ಬಂದಿರುತ್ತದೆ.

ಹೊಳೆ ತುಂಬಿ ಹರಿಯುವಾಗ ಎಲ್ಲವೂ ತೊಳೆದುಹೋಗುತ್ತದೆ ಎಂಬ ಸಮಾಧಾನ ನಮ್ಮಲ್ಲಿದೆ. ತೊಳೆದುಹೋಗುವುದು ನಮ್ಮ ಕಣ್ಣಿನಿಂದ ಮಾತ್ರ. ಭದ್ರೆಯನ್ನು ಕೂಡುವ ಕೂಡ್ಲಿಯಲ್ಲಿ ಭಕ್ತರು ಮುಳುಗು ಹಾಕುವುದು ಇದೇ ನೀರಿನಲ್ಲಿ. ಮುಂದೆ ಹೊನ್ನಾಳಿ, ಹರಿಹರಗಳಿರುವುದೂ ಇದೇ ಹೊಳೆಯ ದಂಡೆಯಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ದೇಶದ 351 ಕಲುಷಿತ ನದಿಭಾಗಗಳಲ್ಲಿ ಕರ್ನಾಟಕದ 17 ಇದ್ದವು, ತುಂಗೆಯೂ ಅವುಗಳಲ್ಲಿ ಒಂದಾಗಿತ್ತು. ಶೃಂಗೇರಿ, ತೀರ್ಥಹಳ್ಳಿ ದಾಟಿ ಬರುವ ಹೊಳೆ ಅಂಥ ಪಟ್ಟಿ ಸೇರಿದ್ದು ನಮ್ಮೂರಿಗೆ ನೋವಿನ ಸಂಗತಿಯಾಗಬೇಕಿತ್ತು.

ಮಳೆಗಾಲಕ್ಕೆ ಮುನ್ನ, ಮೇ ತಿಂಗಳೊಳಗೆ, ಬೀದಿಬೀದಿಯ ಯುಜಿಡಿ ಪೈಪಿಗೆ ಹೊಗೆ ಬಿಟ್ಟು ಪರೀಕ್ಷಿಸಬಹುದು. ಎಲ್ಲಿ ತಾರಸಿ ಪೈಪಿನಿಂದ ಹೊಗೆ ಏಳುತ್ತದೋ ಅಲ್ಲಿ ತಪ್ಪು ಜೋಡಣೆ ಇದೆಯೆಂದು ಅಗೆಯದೆಯೇ ತಿಳಿಯುತ್ತದೆ. ಇದು ಹೊಸ ವಿದ್ಯೆಯಲ್ಲ, ದುಬಾರಿಯೂ ಅಲ್ಲ. ಸಿಕ್ಕಿಬಿದ್ದವರಿಗೆ ಮೊದಲು ದಂಡ ಹಾಕುವ ಬದಲು ಪೈಪನ್ನು ರಸ್ತೆಬದಿಯ ಚರಂಡಿಗೋ ಇಂಗುಗುಂಡಿಗೋ ತಿರುಗಿಸಲು ಒಂದು ತಿಂಗಳ ಅವಕಾಶ ಕೊಡಲಿ. ರಸ್ತೆಬದಿಯ ಚರಂಡಿಯೇ ಇಲ್ಲದ ಬೀದಿಗಳಲ್ಲಿ ಮನೆಯವರನ್ನು ದೂರಿ ಫಲವಿಲ್ಲ, ಅಲ್ಲಿ ಚರಂಡಿ ಮೊದಲು ಆಗಬೇಕು. ಹೊಸ ಮನೆಗಳಿಗೆ ಮಳೆನೀರಿನ ಮತ್ತು ಕೊಳಚೆಯ ಜೋಡಣೆಗಳು ಬೇರೆಬೇರೆ ಇವೆಯೆಂದು ಸ್ಥಳದಲ್ಲಿ ನೋಡಿದ ಮೇಲೆಯೇ ಯುಜಿಡಿ ಸಂಪರ್ಕ ಕೊಡಬೇಕು. ಪರೀಕ್ಷೆಯ ಫಲಿತಾಂಶವನ್ನು ವಾರ್ಡುವಾರು ಪ್ರಕಟಿಸಬೇಕೆಂದು ಮಹಾನಗರಪಾಲಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಓರ್ವ ನಾಗರಿಕ, ಶಿವಮೊಗ್ಗ