ಪೋಷಕರಿಗೆ ಪತ್ರ: ಹುಲ್ಲಿನ ಮೇಲಿದ್ದ ಕಿತ್ತಳೆ ಹಣ್ಣು

ಪ್ರಿಯ ಪೋಷಕರೇ,

ನಮಸ್ಕಾರ. ಹೋದ ಭಾನುವಾರ ನಮ್ಮ ಕನ್ನಡ ತರಗತಿಗೆ ಒಬ್ಬ ಹುಡುಗ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದ. ಫ್ಲ್ಯಾಟುಗಳ ಬ್ಲಾಕಿನ ಕೆಳಗೆ ಹುಲ್ಲಿನ ಮೇಲೆ ಯಾರೋ ಇಟ್ಟಿದ್ದರಂತೆ, ಪಕ್ಕದಲ್ಲಿ ಊದಿನಕಡ್ಡಿ ಹಚ್ಚಿತ್ತಂತೆ. "ಅಯ್ಯೋ, ಅದು ದೆವ್ವದ್ದು, ಬಿಸಾಕೋ!" ಎಂದು ಪಕ್ಕದಲ್ಲಿ ಕೂತಿದ್ದವಳು ಕಿರುಚಿದಳು. ಒತ್ತಕ್ಷರದ ಪಾಠ ಅಲ್ಲಿಗೇ ನಿಂತಿತು. ಮುಕ್ಕಾಲು ಗಂಟೆ ಬರೀ ಪ್ರಶ್ನೆಗಳು. ಮನೆಯಲ್ಲಿ ನಿಮ್ಮನ್ನೂ ಬಿಟ್ಟಿರುವುದಿಲ್ಲ, ಅದಕ್ಕೇ ಈ ಪತ್ರ.

ಈಗ ಚೀನೀ ಪಂಚಾಂಗದ ಏಳನೇ ತಿಂಗಳು. ಸತ್ತವರು ಈ ತಿಂಗಳು ಭೂಮಿಗೆ ಬಂದು ಹೋಗುತ್ತಾರೆ ಎಂಬ ನಂಬಿಕೆ. ಸಿಂಗಪುರದ ಪ್ರತಿ ಬ್ಲಾಕಿನ ಹತ್ತಿರವೂ ಲೋಹದ ಡಬ್ಬಿಗಳಲ್ಲಿ ಕಾಗದದ ಹಣ ಸುಡುವುದನ್ನು ನೀವು ನೋಡಿದ್ದೀರಿ. ಗೆತಾಯ್ ಹಾಡಿನ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲು ಖಾಲಿ ಇರುತ್ತದಲ್ಲ, ಅದು ಆ ಅತಿಥಿಗಳಿಗೆ. ನಾವು ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ, ಅಲ್ವಾ? ಹೆಚ್ಚುಕಡಿಮೆ ಅದೇ. ನಮ್ಮ ಎಡೆ ಹೆಚ್ಚಾಗಿ ಮನೆಯ ಹಿರಿಯರಿಗೆ. ಚೀನೀಯರು ಹಿಂದೆ ಮುಂದೆ ಯಾರೂ ಇಲ್ಲದೆ ಸತ್ತವರಿಗೂ ಇಡುತ್ತಾರೆ. ಅಂಥವರನ್ನು ಮನೆಯೊಳಗೆ ಕರೆಯುವುದಿಲ್ಲ, ಅದಕ್ಕೇ ಹಣ್ಣು ಹುಲ್ಲಿನ ಮೇಲೆ. ಇದನ್ನು ಹೇಳಿದ ಮೇಲೆ ಆ ಹುಡುಗ ಸುಮ್ನೆ ಹಣ್ಣನ್ನು ಚೀಲದಲ್ಲಿಟ್ಟುಕೊಂಡ. ವಾಪಸ್ ಇಟ್ಟು ಬಂದೆ ಎಂದು ಸಂಜೆ ಅವರ ಅಮ್ಮನ ಫೋನಿನಿಂದ ಮೆಸೇಜ್ ಬಂತು.

"ಮಿಸ್, ಹಾಗಾದರೆ ಇವರ ದೇವರು ಯಾರು?" ಇದು ಎರಡನೇ ಪ್ರಶ್ನೆ. ಇದಕ್ಕೆ ಒಂದು ಸಾಲಿನ ಉತ್ತರ ಇಲ್ಲ. ಇವರಲ್ಲಿ ಹಲವರದು ದಾವ್ ಧರ್ಮ. ದಾವ್ ಎಂದರೆ ದಾರಿ. ಲೋಕ ತನ್ನಷ್ಟಕ್ಕೆ ನಡೆಯುವ ದಾರಿ. ಅದರ ಜೊತೆ ಗುದ್ದಾಡದೆ, ನೀರಿನ ಹಾಗೆ ತಗ್ಗಿನಲ್ಲಿ ಹರಿದು ಬಾಳು ಎನ್ನುವುದು ಚೀನಾದ ಪ್ರಾಚೀನ ಜ್ಞಾನಿ ಲಾವೋತ್ಸೆಯ ಹೆಸರಿನಲ್ಲಿರುವ 81 ಪುಟ್ಟ ಅಧ್ಯಾಯಗಳ ಪುಸ್ತಕದ ತಿರುಳು. ಅದರಲ್ಲಿ ಪೂಜೆಯ ಮಾತು ಹುಡುಕಿದರೂ ಸಿಗುವುದು ಕಷ್ಟ. ಪೂಜಾರಿಗಳು, ವಿಧಿಗಳು ಇರುವ ಧರ್ಮವಾಗಿ ಅದು ಗಟ್ಟಿಯಾಗಿದ್ದು ಆಮೇಲೆ. ಕ್ರಿ.ಶ. 142ರಲ್ಲಿ ಸಿಚುವಾನ್‌ನ ಬೆಟ್ಟದಲ್ಲಿ ಈ ಧರ್ಮದ ಮೊದಲ ಗುರು ಜಾಂಗ್ ದಾವ್‌ಲಿಂಗ್‌ಗೆ ಲಾವೋತ್ಸೆಯೇ ದೇವರಾಗಿ ಕಾಣಿಸಿಕೊಂಡ ಎಂದು ಅವರು ನಂಬುತ್ತಾರೆ.

ದೇವರುಗಳ ಲೆಕ್ಕವನ್ನು ಮಕ್ಕಳಿಗೆ ಸರ್ಕಾರಿ ಕಚೇರಿಯ ಹಾಗೆ ವಿವರಿಸಿದೆ. ತಮಾಷೆಗಲ್ಲ, ಅವರ ಕಲ್ಪನೆಯೇ ಹಾಗೆ. ಎಲ್ಲಕ್ಕಿಂತ ಮೇಲೆ 'ಮೂವರು ಪರಿಶುದ್ಧರು'. ಲಾವೋತ್ಸೆ ಅವರಲ್ಲೊಬ್ಬ. ಆಡಳಿತ ನಡೆಸುವವನು ಜೇಡ್ ಚಕ್ರವರ್ತಿ. ಊರಿಗೊಬ್ಬ ನಗರದೇವರು, ನಮ್ಮ ತಹಶೀಲ್ದಾರರ ಹಾಗೆ. ಬೀದಿಯ ಮಟ್ಟದಲ್ಲಿ ಬಿಳಿ ಗಡ್ಡದ ಅಜ್ಜ, ನೆಲದ ದೇವರು. ಒಲೆಯ ದೇವರಂತೂ ವರ್ಷದ ಕೊನೆಗೆ ಮೇಲೆ ಹೋಗಿ ಮನೆಯವರ ಮೇಲೆ ವರದಿ ಒಪ್ಪಿಸುತ್ತಾನೆ. ಚಾಡಿ ಹೇಳದಿರಲಿ ಎಂದು ಅವನ ಬಾಯಿಗೆ ಜೇನೋ ಅಂಟು ಮಿಠಾಯಿಯೋ ಸವರುತ್ತಾರೆ. ಈ ಕಥೆಗೆ ಇಡೀ ತರಗತಿ ನಕ್ಕಿತು.

ಇವರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಮನುಷ್ಯರು. ನಮ್ಮ ಕರಾವಳಿಯ ಕೋಟಿ ಚೆನ್ನಯರ ಹಾಗೆ. ಕೆಂಪು ಮುಖದ ಗ್ವಾನ್ ಯೂ ಯುದ್ಧದಲ್ಲಿ ಸೋತು ಸತ್ತ ಸೇನಾಪತಿ. ನನಗೆ ಹತ್ತಿರವಾದವಳು ಮಾತ್ರ ಮಾಜು. ಚೀನಾದ ಫುಜಿಯಾನ್ ತೀರದ ಮೆಯಿಜೌ ದ್ವೀಪದಲ್ಲಿ 960ರಲ್ಲಿ ಹುಟ್ಟಿದ ಲಿನ್ ಮನೆತನದ ಹುಡುಗಿ. ಚಿಕ್ಕ ವಯಸ್ಸಿಗೇ ತೀರಿಕೊಂಡಳು. ಬಿರುಗಾಳಿಗೆ ಸಿಕ್ಕ ದೋಣಿಗಳನ್ನು ಕಾಯುತ್ತಾಳೆ ಎಂಬ ನಂಬಿಕೆ ಮೀನುಗಾರರಲ್ಲಿ ಬೆಳೆಯಿತು. ಒಬ್ಬೊಬ್ಬ ಚಕ್ರವರ್ತಿಯೂ ಬಿರುದು ಕೊಡುತ್ತಾ ಬಂದು, ಕೊನೆಗೆ 'ಸ್ವರ್ಗದ ಮಹಾರಾಣಿ' ಎಂಬ ಪಟ್ಟವೇ ಸಿಕ್ಕಿತು. ದೇವರಿಗೂ ಬಡ್ತಿ ಉಂಟು ಎಂದರೆ ಇದೇ!

ಫುಜಿಯಾನ್‌ನಿಂದ ಹಡಗು ಹತ್ತಿ ಬಂದವರು ಇಲ್ಲಿ ಇಳಿದ ಕೂಡಲೇ ಮಾಡಿದ ಕೆಲಸ ಅವಳಿಗೆ ಕೈಮುಗಿಯುವುದು. ತೆಲೊಕ್ ಆಯರ್ ರಸ್ತೆಯ ಥಿಯಾನ್ ಹಾಕ್ ಕೆಂಗ್ ದೇವಸ್ಥಾನ ಅವಳದೇ. 1839ರಲ್ಲಿ ಕಟ್ಟಲು ಶುರುಮಾಡಿ 1842ರಲ್ಲಿ ಮುಗಿಸಿದರು. ಆಗ ಸಮುದ್ರ ಅದರ ಬಾಗಿಲಲ್ಲೇ ಇತ್ತು. ಈಗ ಎದುರಿಗೆ ಬ್ಯಾಂಕುಗಳ ಗೋಪುರಗಳು. ಈ ತಿಂಗಳ ಕೊನೆಯ ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಹಿಂದಿನ ಗುಡಿಯಲ್ಲಿ ಗ್ವಾನ್‌ಯಿನ್ ಇದ್ದಾಳೆ. ಅವಳು ಬೌದ್ಧರ ದೇವತೆಯಲ್ಲವೇ ಎಂದು ಕೇಳಬೇಡಿ, ಇಲ್ಲಿ ಆ ಗೆರೆ ಅಷ್ಟು ಗಟ್ಟಿಯಾಗಿಲ್ಲ. 2020ರ ಜನಗಣತಿಯಲ್ಲಿ ದಾವ್ ಧರ್ಮ ಎಂದು ಬರೆಸಿದವರು ನೂರಕ್ಕೆ 8.8, ಬೌದ್ಧರು 31.1. ಹಬ್ಬದ ದಿನ ಹೋದರೆ ಯಾರು ಯಾವುದರವರು ಎಂದು ಹೇಳುವುದು ಕಷ್ಟ. ವಾಟರ್‌ಲೂ ರಸ್ತೆಯ ಕೃಷ್ಣನ ಗುಡಿ ಮುಂದೆ ಊದಿನಕಡ್ಡಿ ಹಚ್ಚುವ ಚೀನೀ ಅಜ್ಜಿಯರನ್ನು ನೀವೇ ನೋಡಿದ್ದೀರಲ್ಲ.

ಮಕ್ಕಳಿಗೆ ಮೊದಲೇ ಹೇಳಿಡಬೇಕಾದ್ದು ಸ್ವಲ್ಪ ಇದೆ. ಅಲ್ಲಿ ಚಪ್ಪಲಿ ಬಿಡುವ ಪದ್ಧತಿ ಇಲ್ಲ. ಹೊಸ್ತಿಲು ಎತ್ತರ ಇರುತ್ತದೆ. ಅದನ್ನು ತುಳಿಯದೆ ದಾಟಬೇಕು, ಇದಂತೂ ನಮ್ಮ ಮನೆಗಳಲ್ಲೂ ಬೈಸಿಕೊಂಡೇ ಕಲಿತದ್ದು. ಬಲಬದಿಯ ಬಾಗಿಲಿನಿಂದ ಒಳಗೆ, ಎಡಬದಿಯಿಂದ ಹೊರಗೆ. ಯಾರಾದರೂ ಅರ್ಧಚಂದ್ರದ ಆಕಾರದ ಎರಡು ಮರದ ತುಂಡು ನೆಲಕ್ಕೆ ಹಾಕುತ್ತಿದ್ದರೆ ಅಡ್ಡ ಹೋಗಬಾರದು. ಅವರು ದೇವರನ್ನು ಏನೋ ಕೇಳುತ್ತಿರುತ್ತಾರೆ. ಒಂದು ಮಗುಚಿ, ಒಂದು ಅಂಗಾತ ಬಿದ್ದರೆ 'ಹೂಂ' ಎಂದರ್ಥ. ನಮ್ಮಲ್ಲಿ ಬಲಗಡೆ ಹೂ ಬೀಳಲಿ ಎಂದು ಕಾಯುತ್ತೇವಲ್ಲ, ಹಾಗೆ.

ಕೈಮುಗಿಯುವುದು ಬಿಡುವುದು ನಿಮ್ಮ ಮನೆಗೆ ಬಿಟ್ಟದ್ದು. ನಾವು ಯಾರಿಗೂ ಹೇಳುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಕಳಿಸಲು ಇಷ್ಟವಿಲ್ಲದಿದ್ದರೆ ಆ ದಿನ ತರಗತಿಯಲ್ಲೇ ಕಥೆ ಓದುವ ಏರ್ಪಾಡು ಇರುತ್ತದೆ. ಹೊಗೆಗೆ ಉಬ್ಬಸ ಬರುವ ಮಕ್ಕಳಿದ್ದರೆ ದಯವಿಟ್ಟು ಮೊದಲೇ ತಿಳಿಸಿ. ಒಪ್ಪಿಗೆ ಚೀಟಿ ಶುಕ್ರವಾರದೊಳಗೆ ಸಿಗಲಿ. ನೀರಿನ ಬಾಟಲಿ, ಟೋಪಿ ಕಳಿಸಿ. ದೊಡ್ಡವರು ನಾಲ್ಕು ಜನ ಜೊತೆಗೆ ಬಂದರೆ ರಸ್ತೆ ದಾಟಿಸಲು ನಮಗೆ ಅನುಕೂಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ