ಟೆರೇಸಿನ ಬೀಗ ತೆಗೆಯಿರಿ, ಹಾಸಿಗೆಗೆ ಬಿಸಿಲು ಬೇಕು

ಮಾನ್ಯರೇ,

ಬೆಂಗಳೂರಿನಲ್ಲಿ ಯಾರಿಗೆ ಸೀನು ಶುರುವಾದರೂ ನಾವು ಬೈಯುವುದು ರಸ್ತೆ ಧೂಳನ್ನು, ಟ್ರಾಫಿಕ್ ಹೊಗೆಯನ್ನು, ಖಾಲಿ ಸೈಟಿನ ಪಾರ್ಥೇನಿಯಂ ಗಿಡವನ್ನು. ಅವುಗಳಿಂದ ತೊಂದರೆ ಇಲ್ಲ ಅಂತಲ್ಲ. ಆದರೆ ಬೆಳಿಗ್ಗೆ ಏಳುವಾಗಲೇ ಸಾಲು ಸಾಲು ಸೀನು, ಕಟ್ಟಿದ ಮೂಗು, ಕಣ್ಣು ತುರಿಕೆ, ಮನೆಯಿಂದ ಹೊರಗೆ ಹೋದ ಮೇಲೆ ಸ್ವಲ್ಪ ಆರಾಮ, ಹೀಗಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಹಾಸಿಗೆ, ದಿಂಬುಗಳ ಮೇಲೆ. ಡಾಕ್ಟರು ಡಸ್ಟ್ ಮೈಟ್ ಅನ್ನುತ್ತಾರಲ್ಲ, ಆ ಧೂಳು ನುಸಿ ಹೆಚ್ಚಾಗಿ ಇರುವುದೇ ಅಲ್ಲಿ.

ನಮ್ಮ ಮಗಳಿಗೆ ಅಲರ್ಜಿ ಟೆಸ್ಟ್ ಮಾಡಿಸಿದಾಗ ಮುಂಗೈ ಮೇಲೆ ಅಲರ್ಜಿ ತರಬಲ್ಲ ಒಂದೊಂದು ವಸ್ತುವಿನ ದ್ರಾವಣವನ್ನು ಸಾಲಾಗಿ ಹನಿ ಹಾಕಿ ಮೆಲ್ಲಗೆ ಚುಚ್ಚಿದರು. ಕಾಲು ಗಂಟೆಯೊಳಗೆ ನುಸಿಯ ಹನಿ ಬಿದ್ದ ಜಾಗ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿ ಕೆಂಪಾಯಿತು. ಪಾರ್ಥೇನಿಯಂ ಹನಿಯ ಜಾಗದಲ್ಲಿ ಏನೂ ಆಗಲಿಲ್ಲ.

ಈ ನುಸಿ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ಎಂಟು ಕಾಲು, ಜೇಡದ ಬಳಗ. ತಿಗಣೆಯಂತೆ ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ, ಹಾಗಾಗಿ ತೇವಾಂಶ ಶೇ 50ಕ್ಕಿಂತ ಕೆಳಗೇ ಇದ್ದರೆ ಅದು ಬಹಳ ದಿನ ಬಾಳುವುದಿಲ್ಲ. ನಾವೋ ಮಳೆಗಾಲದಲ್ಲಿ ಸೊಳ್ಳೆ ಬರುತ್ತದೆಂದು ಕಿಟಕಿ ಮುಚ್ಚಿ, ಒದ್ದೆ ಬಟ್ಟೆಯನ್ನೆಲ್ಲ ಮಲಗುವ ಕೋಣೆಯಲ್ಲೇ ಫ್ಯಾನ್ ಕೆಳಗೆ ಹರವುತ್ತೇವೆ. ಇದೊಂದನ್ನು ದಯವಿಟ್ಟು ಬಿಡಿ.

ಏರ್ ಪ್ಯೂರಿಫೈಯರಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಯೋಚಿಸಿ. ಹಿಕ್ಕೆಯ ಕಣ ಭಾರ, ಹಾಸಿಗೆ ಕೊಡವಿದಾಗ ಎದ್ದು ಸ್ವಲ್ಪ ಹೊತ್ತಿಗೇ ಕೆಳಗೆ ಕೂರುತ್ತದೆ, ಮೆಶಿನ್ ಅದನ್ನು ಹಿಡಿಯುವುದು ಕಡಿಮೆ. ಆ ದುಡ್ಡಲ್ಲಿ ದಿಂಬು, ಹಾಸಿಗೆಗೆ ಒತ್ತಾದ ನೇಯ್ಗೆಯ ಜಿಪ್ ಕವರ್ ತನ್ನಿ. ಬೆಡ್‌ಶೀಟ್, ದಿಂಬಿನ ಕವರ್, ಹೊದಿಕೆ ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಲ್ಲಿ ಒಗೆಯಿರಿ, ತಣ್ಣೀರಲ್ಲಿ ಕೊಳೆ ಹೋಗುತ್ತದೆ, ನುಸಿ ಸಾಯುವುದಿಲ್ಲ. ಮಕ್ಕಳ ಟೆಡ್ಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಂದು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಒಗೆಯಬಹುದು. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು, ಗುಡಿಸುವಾಗ ಅಲರ್ಜಿ ಇರುವವರು ಆ ಕೋಣೆಯಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು.

ಮೆಡಿಕಲ್ ಶಾಪಿನಿಂದ ತಂದ ಸೆಟ್ರಿಜಿನ್ ಮಾತ್ರೆಯಲ್ಲೇ ವರ್ಷಗಟ್ಟಲೆ ಕಾಲ ತಳ್ಳುವವರು ನಮ್ಮಲ್ಲಿ ಜಾಸ್ತಿ. ರಾತ್ರಿ ಕೆಮ್ಮು, ಉಬ್ಬಸ ಇದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು, ಕೊಟ್ಟ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬಾರದು. ಅಲರ್ಜಿ ಟೆಸ್ಟಿಗೆ ಹೋಗುವ ಮುಂಚೆ ಈ ಮಾತ್ರೆ ತಿನ್ನುತ್ತಿದ್ದೀರಿ ಅಂತ ಹೇಳಿ, ಕೆಲವು ದಿನ ನಿಲ್ಲಿಸದಿದ್ದರೆ ಟೆಸ್ಟಿನಲ್ಲಿ ಏನೂ ಕಾಣದೇ ಹೋಗಬಹುದು.

ಈಗ ಈ ಪತ್ರ ಬರೆದ ಕಾರಣ. ಹಿಂದೆ ಎಲ್ಲರ ಮನೆಯಲ್ಲೂ ಬೇಸಿಗೆಯಲ್ಲಿ ಹತ್ತಿ ಹಾಸಿಗೆಯನ್ನು ಮಹಡಿಗೆ ಹೊತ್ತು, ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿಯುತ್ತಿದ್ದರು. ಬಿಸಿಲಿನ ಕಾವಿಗೆ ನುಸಿ ಒಣಗುತ್ತದೆ, ಬಡಿದರೆ ಹಿಕ್ಕೆಯೂ ಎಷ್ಟೋ ಉದುರುತ್ತದೆ. ಇವತ್ತು ಅಪಾರ್ಟ್‌ಮೆಂಟುಗಳಲ್ಲಿ ಟೆರೇಸಿಗೆ ಬೀಗ. ಬಾಲ್ಕನಿಯಲ್ಲಿ ರಗ್ಗು ಹಾಕಿದರೆ ಬಿಲ್ಡಿಂಗಿನ ಅಂದ ಕೆಡುತ್ತದೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಸಮೇತ ನೋಟಿಸ್. ಇದು ಸರಿಯಾ? ಅಂದಕ್ಕಿಂತ ಮಕ್ಕಳ ಉಸಿರು ದೊಡ್ಡದಲ್ವಾ? ದಪ್ಪ ಫೋಮ್ ಹಾಸಿಗೆ ಹೊರುವುದು ಕಷ್ಟ ನಿಜ, ಅದರ ಒಳಗಿನವರೆಗೆ ಬಿಸಿಲು ಇಳಿಯುವುದೂ ಇಲ್ಲ, ಅದಕ್ಕೆ ಕವರೇ ಗತಿ. ದಿಂಬು, ರಜಾಯಿ, ರಗ್ಗು ಹೊರಬಹುದಲ್ಲ. ಎಲ್ಲ ಅಸೋಸಿಯೇಷನ್‌ಗಳೂ ಬಿಸಿಲಿರುವ ಭಾನುವಾರಗಳಲ್ಲಿ ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಟೆರೇಸ್ ತೆರೆದಿಡಲಿ, ಸುರಕ್ಷತೆಗೆ ಒಬ್ಬ ಸೆಕ್ಯುರಿಟಿಯವರನ್ನು ನಿಲ್ಲಿಸಲಿ, ಮುಂದಿನ ಮೀಟಿಂಗಿನಲ್ಲೇ ಇದನ್ನು ಚರ್ಚೆಗೆ ತರಲಿ.

– ಒಬ್ಬ ಗೃಹಿಣಿ, ಬನಶಂಕರಿ, ಬೆಂಗಳೂರು