ಪಲ್ಪರ್ ನೀರಿನ ತಪಾಸಣೆ ಕುಯ್ಲಿನ ವಾರಗಳಲ್ಲೇ ನಡೆಯಲಿ

ಮಾನ್ಯ ಸಂಪಾದಕರೇ,

ಕಾಫಿ ಕುಯ್ಲು ಶುರುವಾಯಿತೆಂದರೆ ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹಳ್ಳದ ನೀರು ಕಪ್ಪಾಗಿದೆ, ನಾರುತ್ತಿದೆ ಎಂಬ ದೂರುಗಳೂ ಶುರು. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರಿನ ತ್ಯಾಜ್ಯ ನೀರು ಹಳ್ಳ ಸೇರುವುದೇ ಇದಕ್ಕೆ ಕಾರಣ. ತೋಟದವರಿಗೆ ಎಚ್ಚರಿಕೆಯ ಪ್ರಕಟಣೆಯೂ ಹೊರಡುತ್ತದೆ. ಆದರೆ ಹಳ್ಳ ಉಳಿಯಬೇಕಾದರೆ ಬದಲಾಗಬೇಕಾದುದು ತಪಾಸಣೆಯ ಕಾಲ ಮತ್ತು ಕ್ರಮ.

1974ರ ಜಲ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ತ್ಯಾಜ್ಯ ನೀರು ಹೊರಬಿಡುವ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಸಮ್ಮತಿ ಪತ್ರ ವರ್ಷವಿಡೀ ಚಾಲ್ತಿಯಲ್ಲಿರುತ್ತದೆ. ಪಲ್ಪರ್ ಓಡುವುದು ಮಾತ್ರ ನವೆಂಬರ್‌ ಕೊನೆಯಿಂದ ಮಾರ್ಚ್‌ವರೆಗೆ. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಹೇಮಾವತಿ, ಭದ್ರಾ, ಕಾವೇರಿಗೆ ಸೇರುವ ತೊರೆಗಳು ಬಡಕಲಾಗುವುದೂ ಅದೇ ತಿಂಗಳುಗಳಲ್ಲಿ. ಜುಲೈನಲ್ಲಿ, ಪಲ್ಪರ್ ನೀರು ನಿಲ್ಲಿಸಿ ಶುದ್ಧಮಾಡುವ ತೋಟದ ಹೊಂಡದಿಂದ, ತುಂಬಿಸಿಕೊಂಡ ಬಾಟಲಿಯಲ್ಲಿ ಇರುವುದು ಮಳೆನೀರು. ಅದರ ವರದಿಯಿಂದ ಯಾರಿಗೂ ಉಪಯೋಗವಿಲ್ಲ.

ಈ ನೀರು ಎಷ್ಟು ಕಟುವಾದದ್ದು ಎಂಬುದನ್ನು ಲೆಕ್ಕದಲ್ಲೇ ನೋಡಬೇಕು. ಮನೆಗಳ ಚರಂಡಿ ನೀರಿನ ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ) ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ. ಹಣ್ಣಿನ ಸಕ್ಕರೆ, ಲೋಳೆ ಬೆರೆತ ಪಲ್ಪಿಂಗ್ ನೀರಿನದು 10,000 ದಾಟುವುದುಂಟು. ಶುದ್ಧವಾದ ಹಳ್ಳದ ನೀರಿನಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಅಂದರೆ ಒಂದು ಲೀಟರ್ ಪಲ್ಪರ್ ನೀರು ಕೊಳೆಯುತ್ತಾ ಹೋದಂತೆ 1,250 ಲೀಟರ್ ಹಳ್ಳದ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕಬಲ್ಲದು. ಒಂದೇ ರಾತ್ರಿ ಹೊಂಡದ ಕಟ್ಟೆ ಒಡೆದರೂ ಕೆಳಗಿನ ಮಡುವಿನ ಮೀನುಗಳು ತೇಲುವುದು ಇದಕ್ಕೇ.

ಸಮ್ಮತಿ ಪತ್ರದಲ್ಲಿ ಹೊಂಡದ ಅಳತೆ ಬರೆದಿರುತ್ತದೆ. ಬಳಸುವ ನೀರನ್ನು ಅಳೆಯದಿದ್ದರೆ ಆ ಅಳತೆಗೆ ಅರ್ಥವಿಲ್ಲ. ದಿನಕ್ಕೆ 2 ಟನ್ ಹಣ್ಣು ಪಲ್ಪ್ ಮಾಡುವ ತೋಟವನ್ನು ತೆಗೆದುಕೊಳ್ಳಿ. ನೀರನ್ನು ಮರುಬಳಸಿ ಟನ್ನಿಗೆ 3,000 ಲೀಟರಿನಲ್ಲಿ ಕೆಲಸ ಮುಗಿಸಿದರೆ ದಿನಕ್ಕೆ 6,000 ಲೀಟರ್. ಮೂರು ವಾರ ನಿಲ್ಲಿಸಲು 126 ಘನ ಮೀಟರಿನ ಹೊಂಡ ಸಾಕು. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ಎರಡು ಮೀಟರಿಗಿಂತ ತುಸು ಹೆಚ್ಚು ಆಳ, ಮೇಲೆ ಅರ್ಧ ಮೀಟರ್ ಖಾಲಿ ಕಟ್ಟೆ. ಅದೇ ತೋಟದಲ್ಲಿ ನಲ್ಲಿ ತಿರುಗಿಸಿಟ್ಟು ಟನ್ನಿಗೆ 10,000 ಲೀಟರ್ ಹರಿಸಿದರೆ ಆ ಹೊಂಡ ಆರೇ ದಿನಕ್ಕೆ ತುಂಬುತ್ತದೆ. ಏಳನೆಯ ದಿನದ ನೀರು ಎಲ್ಲಿಗೆ ಹೋಗುತ್ತದೆಂದು ಬೇರೆ ಹೇಳಬೇಕಿಲ್ಲ. ಪಲ್ಪರಿಗೆ ಹೋಗುವ ಪೈಪಿಗೆ ನೀರು ಅಳೆಯುವ ಒಂದು ಮೀಟರ್, ಪಕ್ಕದಲ್ಲಿ ಪಲ್ಪ್ ಮಾಡಿದ ಹಣ್ಣಿನ ತೂಕದ ಪುಸ್ತಕ: ಪ್ರಯೋಗಾಲಯದ ವರದಿಗಿಂತ ಮೊದಲು ಅಧಿಕಾರಿ ಕೇಳಬೇಕಾದದ್ದು ಈ ಎರಡನ್ನು.

ಹೊಂಡಗಳು ಕೆಡುವುದಕ್ಕೆ ಕಾರಣಗಳೂ ಗುಟ್ಟಿನವಲ್ಲ. ಹುದುಗು ಬಂದ ನೀರಿನ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಿಲ್ಲದೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು 6.5ರಿಂದ 7.5. ಸುಣ್ಣದ ಪುಡಿಯನ್ನು ಬುಟ್ಟಿಗಟ್ಟಲೆ ಎರಚಿದರೆ ತಳಕ್ಕೆ ಹೋಗಿ ಗಟ್ಟಿಯಾಗುತ್ತದೆ, ಮೇಲಿನ ನೀರು ಹುಳಿಯಾಗಿಯೇ ಉಳಿಯುತ್ತದೆ. ಸುಣ್ಣವನ್ನು ನೀರಿನಲ್ಲಿ ತೆಳುವಾಗಿ ಕಲಸಿ, ಮೊದಲ ತೊಟ್ಟಿಯಲ್ಲೇ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತಾ, ಪಿಎಚ್ ಕಾಗದ 7 ತೋರಿಸುವವರೆಗೆ ಹಾಕಬೇಕು. ತಿಂಗಳುಗಟ್ಟಲೆ ಪಲ್ಪರ್ ನೀರು ಬೀಳದ ಹೊಂಡದಲ್ಲಿ ಈ ಜೀವಾಣು ಸಾಕಷ್ಟು ಉಳಿದಿರುವುದಿಲ್ಲ. ಕುಯ್ಲಿಗೆ ಮೊದಲೇ ಹಸಿ ಸಗಣಿಯ ಬಗ್ಗಡ ಹಾಕದಿದ್ದರೆ ಮೊದಲ ವಾರಗಳ ನೀರು ಬರೀ ನಿಂತಿರುತ್ತದೆಯೇ ಹೊರತು ಶುದ್ಧವಾಗುವುದಿಲ್ಲ. ಸಿಪ್ಪೆಯನ್ನು ಜರಡಿಯಲ್ಲಿ ತಡೆಯದೆ ನೀರಿನೊಡನೆ ಬಿಟ್ಟರೆ ಹೊರೆ ಇನ್ನಷ್ಟು. ಕಣದ ಮೇಲೆ, ಶೆಡ್ಡಿನ ಮೇಲೆ ಬಿದ್ದ ಅಕಾಲಿಕ ಮಳೆಯ ನೀರು ಹೊಂಡಕ್ಕೇ ಇಳಿಯುವಂತಿದ್ದರೆ ಎಲ್ಲ ಲೆಕ್ಕವೂ ಕೆಟ್ಟಂತೆಯೇ.

ಬಣ್ಣ ನೋಡಿ ತೀರ್ಪು ಕೊಡುವುದೂ ತಪ್ಪು. ಚೆನ್ನಾಗಿ ಶುದ್ಧವಾದ ಕಾಫಿ ನೀರೂ ಕಂದುಗಪ್ಪಾಗಿಯೇ ಇರುತ್ತದೆ. ಬಾವಿ ನೀರು ಬೆರೆಸಿ ತಿಳಿಯಾಗಿಸಿದ್ದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಮಿತಿಯಲ್ಲಿ ಪಾಸಾಗುತ್ತದೆ, ಆದರೆ ಹಳ್ಳ ಸೇರುವ ಕೊಳೆಯ ಒಟ್ಟು ತೂಕ ಒಂದು ಗ್ರಾಂ ಕೂಡ ಕಡಿಮೆಯಾಗಿರುವುದಿಲ್ಲ. ಆದ್ದರಿಂದ ಮಿತಿಯನ್ನು ದಿನಕ್ಕೆ ಇಷ್ಟು ಕಿಲೋ ಎಂದೂ ನಿಗದಿ ಮಾಡಬೇಕು. ಇದಕ್ಕೂ ಆ ಮೀಟರೇ ಬೇಕು.

ಬಿಒಡಿ ಪರೀಕ್ಷೆಗೆ 27 ಡಿಗ್ರಿಯಲ್ಲಿ ಮೂರು ದಿನ ಹಿಡಿಯುತ್ತದೆ. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಬೇಗ ಸಾಗಿಸದಿದ್ದರೆ ದಾರಿಯಲ್ಲೇ ಕೊಳೆತು ಅಂಕಿ ಇಳಿಯುತ್ತದೆ. ಕರಗಿದ ಆಮ್ಲಜನಕ ಅಳೆಯುವ ಕೈಮೀಟರ್ ಹಳ್ಳದ ದಂಡೆಯಲ್ಲೇ ಉತ್ತರ ಹೇಳುತ್ತದೆ. ಹಳ್ಳದ ಹರಿವಿನಲ್ಲಿ ಘಟಕಕ್ಕಿಂತ ನೂರು ಮೀಟರ್ ಮೇಲೆ ಒಮ್ಮೆ, ಮುನ್ನೂರು ಮೀಟರ್ ಕೆಳಗೆ ಒಮ್ಮೆ, ಬೆಳಕು ಹರಿಯುವ ಹೊತ್ತಿಗೆ ಅಳೆಯಲಿ. ಆಮ್ಲಜನಕ ತೀರಾ ಕೆಳಗಿರುವುದು ಆಗಲೇ. ಮೇಲೆ ಲೀಟರಿಗೆ 7 ಮಿಲಿಗ್ರಾಂ ಇದ್ದದ್ದು ಕೆಳಗೆ 4ಕ್ಕಿಂತ ಕಡಿಮೆಯಾಗಿದ್ದರೆ ಆ ಘಟಕದ ಹೊಂಡಕ್ಕೆ ಅದೇ ಬೆಳಿಗ್ಗೆ ಹೋಗಬೇಕು.

ಹೋದಾಗ ವಿಧಿ ತಪ್ಪಬಾರದು. ಅದೇ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸ್ಥಳದಲ್ಲೇ ನೋಟಿಸ್ ಕೊಟ್ಟು, ಮಾಲೀಕರ ಅಥವಾ ಅವರ ಕಡೆಯವರ ಎದುರು ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಅಧಿಕಾರಿಯೂ ಅವರೂ ಸಹಿ ಮಾಡಬೇಕು. ಇದನ್ನು ಬಿಟ್ಟರೆ ವರದಿ ಎಷ್ಟೇ ಕೆಟ್ಟದಾಗಿದ್ದರೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಸರಿಯಾಗಿ ನಡೆದುಕೊಳ್ಳುವ ಬೆಳೆಗಾರರಿಗೂ ಇದೇ ರಕ್ಷಣೆ.

ಮಡಿಕೇರಿ, ಹಾಸನ, ಚಿಕ್ಕಮಗಳೂರಿನ ಮಂಡಳಿ ಕಚೇರಿಗಳು ಡಿಸೆಂಬರಿನಿಂದ ಮಾರ್ಚ್‌ವರೆಗೆ ವಾರಕ್ಕೊಮ್ಮೆ ಈ ಬೆಳಗಿನ ಅಳತೆ ತೆಗೆದು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಲಿ. ಅಂಕಿ 4ಕ್ಕಿಂತ ಕೆಳಗಿಳಿದ ದಿನ ಕೆಳಗಿನ ಊರುಗಳಿಗೆ ಕುಡಿಯುವ ನೀರೆತ್ತುವ ಪಂಪ್ ನೋಡಿಕೊಳ್ಳುವವರಿಗೆ ಅದೇ ಹೊತ್ತಿಗೆ ಫೋನ್ ಹೋಗಲಿ.

ಇತಿ,
ಓದುಗ, ಸಕಲೇಶಪುರ ತಾಲ್ಲೂಕು